ಫಾರಿನ್ ಕೀ ಕಾಲಮ್‌ಗೆ ಇಂಡೆಕ್ಸ್ ನೀವೇ ಹಾಕಬೇಕು

ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುವವರು ಫಾರಿನ್ ಕೀ (ಇನ್ನೊಂದು ಟೇಬಲ್‌ನ ಸಾಲಿಗೆ ಕೊಂಡಿ) ಇರುವ ಕಾಲಮ್‌ಗಳಿಗೆಲ್ಲ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಇದೆಯಾ ಅಂತ ಇವತ್ತೇ ನೋಡಿ, ಇಲ್ಲದಿದ್ದರೆ ಹಾಕಿ. ಟೇಬಲ್‌ನ ಪ್ರತಿ ಸಾಲನ್ನೂ ಗುರುತಿಸುವ ಪ್ರೈಮರಿ ಕೀಗೆ ಇಂಡೆಕ್ಸ್ ತಾನಾಗಿಯೇ ಬರುತ್ತದೆ, ಫಾರಿನ್ ಕೀಗೆ ಬರುವುದಿಲ್ಲ. ಆರ್ಡರ್ ಟೇಬಲ್‌ನಲ್ಲಿ ಗ್ರಾಹಕರ ಐಡಿ ಫಾರಿನ್ ಕೀ ಆಗಿದೆ ಅಂದುಕೊಳ್ಳಿ. ಹೊಸ ಆರ್ಡರ್ ಸೇರಿಸುವಾಗ ಇಂಡೆಕ್ಸ್ ಇಲ್ಲದ್ದು ಗೊತ್ತೇ ಆಗಲ್ಲ, ಯಾಕಂದ್ರೆ ಆ ಗ್ರಾಹಕ ಇದ್ದಾನಾ ಎಂದು ಹುಡುಕುವುದು ಗ್ರಾಹಕರ ಟೇಬಲ್‌ನ ಪ್ರೈಮರಿ ಕೀ ಇಂಡೆಕ್ಸ್‌ನಲ್ಲಿ. ಡಿಲೀಟ್ ಮಾಡುವಾಗ ಹುಡುಕಾಟ ಉಲ್ಟಾ ಆಗುತ್ತದೆ. ಇಂಡೆಕ್ಸ್ ಇಲ್ಲದಿದ್ದರೆ ಒಬ್ಬ ಗ್ರಾಹಕನನ್ನು ತೆಗೆದರೂ ಅವನ ಆರ್ಡರ್ ಉಳಿದಿದೆಯಾ ಎಂದು ಇಡೀ ಆರ್ಡರ್ ಟೇಬಲ್ ಜಾಲಾಡಬೇಕು. ನೂರು ಜನರನ್ನು ತೆಗೆದರೆ ನೂರು ಸಲ! ಪರೀಕ್ಷಿಸಲು ಬಿಗಿನ್ (BEGIN) ಕೊಟ್ಟು, ಡಿಲೀಟ್ ಸಾಲಿನ ಮೊದಲಿಗೆ ಸಮಯ ಎಲ್ಲಿ ಹೋಗುತ್ತದೆಂದು ತೋರಿಸುವ ಎಕ್ಸ್‌ಪ್ಲೇನ್ ಅನಲೈಜ್ (EXPLAIN ANALYZE) ಸೇರಿಸಿ ಓಡಿಸಿ, ಕೊನೆಗೆ ಮಾಡಿದ್ದನ್ನು ರದ್ದುಗೊಳಿಸುವ ರೋಲ್‌ಬ್ಯಾಕ್ (ROLLBACK) ಮಾಡಿ. 'ಟ್ರಿಗರ್ ಫಾರ್ ಕನ್‌ಸ್ಟ್ರೇಂಟ್' ಎಂಬ ಸಾಲಿನಲ್ಲೇ ಸಮಯ ಜಾಸ್ತಿ ಇದ್ದರೆ ಮೊದಲು ಈ ಇಂಡೆಕ್ಸನ್ನೇ ಅನುಮಾನಿಸಿ. ರೋಲ್‌ಬ್ಯಾಕ್ ಮಾತ್ರ ಮರೀಬೇಡಿ, ಅನಲೈಜ್ ಹಾಕಿದರೆ ಡಿಲೀಟ್ ನಿಜವಾಗಿಯೂ ನಡೆಯುತ್ತದೆ. ಓಡುತ್ತಿರುವ ಸಿಸ್ಟಮ್‌ನಲ್ಲಿ ಇಂಡೆಕ್ಸ್ ಹಾಕುವಾಗ 'ಕನ್‌ಕರೆಂಟ್ಲಿ' ಸೇರಿಸಿದರೆ ಬರೆಯುವ ಕೆಲಸ ನಿಲ್ಲುವುದಿಲ್ಲ. ಎರಡು ಕಾಲಮ್‌ಗಳ ಇಂಡೆಕ್ಸ್ ಮೊದಲೇ ಇದ್ದು, ಫಾರಿನ್ ಕೀ ಅದರಲ್ಲಿ ಎರಡನೆಯದಾಗಿದ್ದರೆ ಅದನ್ನು ನಂಬಬೇಡಿ. ಫಾರಿನ್ ಕೀ ಕಾಲಮ್ ಮೊದಲನೆಯದಾಗಿರಬೇಕು. ಇನ್ನು ಗ್ರಾಹಕರನ್ನು ಎಂದೂ ಅಳಿಸುವುದಿಲ್ಲ, ಅವರ ಐಡಿ ಬದಲಾಗುವುದಿಲ್ಲ, ಆ ಕಾಲಮ್ ಹಿಡಿದು ಹುಡುಕುವುದೂ ಇಲ್ಲ ಅಂದ್ರೆ ಸುಮ್ನೆ ಇಂಡೆಕ್ಸ್ ಹಾಕಬೇಡಿ, ಪ್ರತಿ ಇನ್ಸರ್ಟ್‌ಗೂ ಅದರ ಹೊರೆ ಬೀಳುತ್ತದೆ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಇನ್ನೋಡಿಬಿ ಸ್ಟೋರೇಜ್ ಎಂಜಿನ್ ಬಳಸುವವರಿಗೆ ಈ ಚಿಂತೆ ಇಲ್ಲ, ಇಂಡೆಕ್ಸ್ ಇಲ್ಲದಿದ್ದರೆ ಅದೇ ಹಾಕಿಕೊಳ್ಳುತ್ತದೆ.