ಎರಡರಲ್ಲೊಂದು, ಮೂರರಲ್ಲೊಂದು ಸೇರಿ ಐದರಲ್ಲೆರಡು? ಮಗುವಿನ ತಪ್ಪಿನಿಂದಲೇ ಭಿನ್ನರಾಶಿ ಕಲಿಸುವುದು ಹೇಗೆ

ಐದನೇ ತರಗತಿಯ ಹುಡುಗಿಯೊಬ್ಬಳು ಬೋರ್ಡಿನ ಮೇಲೆ ಬರೆದಳು: 1/2 + 1/3 = 2/5. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ನಾನು ಎಂದಿನಂತೆ ಅಳಿಸಲು ಡಸ್ಟರ್ ಎತ್ತಿಕೊಂಡೆ. ಯಾಕೋ ತಡೆದು, ‘ಹೀಗೆ ಕೂಡಿಸೋದನ್ನ ಎಲ್ಲಿ ಕಲಿತೆ?’ ಎಂದು ಕೇಳಿದೆ. ‘ನೀವೇ ಹಂಗೆ ಮಾಡ್ತೀರಲ್ಲ ಮಿಸ್, ಮಾರ್ಕ್ಸ್ ಕೂಡ್ಸೋವಾಗ’ ಎಂದಳು.

ನಿಜ. ಗಣಿತದಲ್ಲಿ 18/25, ಕನ್ನಡದಲ್ಲಿ 20/25, ಒಟ್ಟು 38/50. ಕೆಂಪು ಪೆನ್ನಿನಲ್ಲಿ ನಾನೇ ಬರೆದುಕೊಡುತ್ತೇನೆ. ಅವಳು ಯೋಚಿಸದೆ ಬರೆದಿರಲಿಲ್ಲ. ಕಣ್ಣಾರೆ ಕಂಡ ನಿಯಮವನ್ನೇ ಬಳಸಿದ್ದಳು. ಆ ನಿಯಮ ಏನೆಂದು ನಮಗೆ ಗೊತ್ತಾಗದೆ ನಮ್ಮ ನಿಯಮ ಹೇಳಿಕೊಟ್ಟರೆ, ಪರೀಕ್ಷೆ ಮುಗಿದ ಮೇಲೆ ಮಗು ಮತ್ತೆ ಹಳೆಯದಕ್ಕೇ ಹೋಗುತ್ತದೆ.

ಹೆಜ್ಜೆ 1: ಕೇಳಿ, ಆಮೇಲೆ ಕಾಯಿರಿ

‘ಹೇಗೆ ಮಾಡಿದೆ, ಹೇಳು’ ಅಂತ ಕೇಳಿ. ಉತ್ತರ ಸರಿ ಇದ್ದಾಗಲೂ ಕೇಳಬೇಕು. ತಪ್ಪಾದಾಗ ಮಾತ್ರ ಕೇಳಿದರೆ, ಆ ಪ್ರಶ್ನೆ ಕಿವಿಗೆ ಬಿದ್ದ ತಕ್ಷಣ ಮಗು ರಬ್ಬರ್ ಹುಡುಕುತ್ತದೆ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ನಾವು ಟೀಚರ್‌ಗಳಿಗೆ ಇದೇ ಜಾಸ್ತಿ ಕಷ್ಟ.

ಹಿಂದಿನ ಬೆಂಚಿನವರು ಬಾಯಿ ಬಿಡುವುದಿಲ್ಲ ಅಲ್ವಾ? ಇಬ್ಬಿಬ್ಬರು ಒಂದು ನಿಮಿಷ ಮಾತಾಡಿಕೊಳ್ಳಲಿ. ಆಮೇಲೆ ‘ನಿನ್ನ ಪಕ್ಕದವಳು ಏನಂದಳು?’ ಎಂದು ಕೇಳಿ. ಪಕ್ಕದವಳ ಉತ್ತರ ಹೇಳಲು ಯಾರಿಗೂ ಅಷ್ಟು ಭಯ ಇರುವುದಿಲ್ಲ.

ಹೆಜ್ಜೆ 2: ಮನೆಯ ಮಾತಿನಿಂದ ಶುರು ಮಾಡಿ

ಅಂಶ, ಛೇದ ಎಂಬ ಪದಗಳನ್ನು ಎರಡು ದಿನ ಪಕ್ಕಕ್ಕಿಡಿ. ಕಾಲು ಕೆಜಿ ಬೆಂಡೆಕಾಯಿ, ಅರ್ಧ ಲೀಟರ್ ಹಾಲು ಮಕ್ಕಳಿಗೆ ಗೊತ್ತು. ಮುಕ್ಕಾಲು ಅಂದರೆ ಏನು, ಬಿಡಿಸಿ ಹೇಳಿ ಅನ್ನಿ. ಮೂರು ಕಾಲು! 3/4 ಏನೆಂಬುದು ಪದದ ಒಳಗೇ ಇದೆ. ಅರೆಕಾಲು ಅಂದರೆ ಕಾಲಿನ ಅರ್ಧ, 1/8. ನಮ್ಮ ಭಾಷೆ ಮಾಡಿಟ್ಟಿರುವ ಈ ಕೆಲಸವನ್ನು ತರಗತಿಯಲ್ಲಿ ಬಳಸದೆ ಬಿಡುತ್ತೇವಲ್ಲ ಎಂದು ನನಗೆ ನಿಜಕ್ಕೂ ಬೇಸರ.

4 ದೊಡ್ಡದು, ಹಾಗಾಗಿ 1/3ಕ್ಕಿಂತ 1/4 ದೊಡ್ಡದು ಎನ್ನುವ ಮಕ್ಕಳು ಇದ್ದೇ ಇರುತ್ತಾರೆ. ಅವರಿಗೆ ಹೋಟೆಲಿನ ಬೈ ಟೂ ಕಾಫಿ ನೆನಪಿಸಿ. ಒಂದೇ ಕಾಫಿಯನ್ನು ಬೈ ತ್ರೀ ಮಾಡಿದರೆ ನಿನ್ನ ಲೋಟಕ್ಕೆ ಎಷ್ಟು ಬರುತ್ತದೆ? ಬೈ ಫೋರ್ ಮಾಡಿದರೆ? ಒಂದು ಜಗ್ ನೀರು, ನಾಲ್ಕು ಲೋಟ ಇಟ್ಟು ಮಾಡಿಯೇ ತೋರಿಸಬಹುದು.

ಹೆಜ್ಜೆ 3: ತಪ್ಪು ಅನ್ನಬೇಡಿ, ಅಳೆಯಲು ಕೊಡಿ

ಚೌಕುಳಿ ಪುಸ್ತಕದ ಹಾಳೆಯಲ್ಲಿ 10 ಮನೆಯ ಪಟ್ಟಿ ಕತ್ತರಿಸಿ ಆ ಹುಡುಗಿಯ ಕೈಗೆ ಕೊಟ್ಟೆ. ಅರ್ಧಕ್ಕೆ ಬಣ್ಣ ಹಚ್ಚಿದಳು: 5 ಮನೆ. ಕೆಳಗೆ ಅಂಥದ್ದೇ ಪಟ್ಟಿಯಲ್ಲಿ 2/5: 4 ಮನೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ‘ಅರ್ಧ ಇತ್ತು. ಇನ್ನೂ ಸೇರಿಸ್ದೆ. ಕಮ್ಮಿ ಆಯ್ತು’ ಎಂದಳು. ನಾನು ಏನೂ ಹೇಳಬೇಕಾಗಲಿಲ್ಲ.

ಈಗ 6 ಮನೆಯ ಪಟ್ಟಿ ಕೊಡಿ. ಅರ್ಧ ಎಂದರೆ 3 ಮನೆ, ಮೂರನೇ ಒಂದು ಭಾಗ ಎಂದರೆ 2 ಮನೆ. ಒಟ್ಟು 5. ಹಾಗಾಗಿ 5/6.

ಇಲ್ಲಿ ಅವಸರ ಬೇಡ. ಮಾರ್ಕ್ಸ್ ವಿಷಯಕ್ಕೆ ವಾಪಸ್ ಹೋಗಲೇಬೇಕು, ಇಲ್ಲದಿದ್ದರೆ ಮಗುವಿನ ಅನುಮಾನ ಹಾಗೇ ಉಳಿಯುತ್ತದೆ. ಮಾರ್ಕ್ಸ್‌ನಲ್ಲಿ ಎರಡು ಪೇಪರ್. 25ಕ್ಕೆ ಇನ್ನೊಂದು 25 ಸೇರಿ ಒಟ್ಟೇ 50 ಆಗಿ ಬೆಳೆಯಿತು. ಪಟ್ಟಿಯಲ್ಲಿ ಹಾಗಲ್ಲ. ಅರ್ಧವೂ ಮೂರನೇ ಒಂದು ಭಾಗವೂ ಅದೇ ಒಂದು ಪಟ್ಟಿಯದು. ಆದ್ದರಿಂದ ಪ್ರತಿ ಲೆಕ್ಕಕ್ಕೂ ‘ಯಾವುದರ ಅರ್ಧ?’ ಎಂದು ಕೇಳುವ ಅಭ್ಯಾಸ ಮಾಡಿಸಿ.

ಹೆಜ್ಜೆ 4: ಪಟ್ಟಿಯನ್ನು ಮಕ್ಕಳೇ ಆರಿಸಲಿ

1/4 + 1/3 ಕೊಡಿ. ಎಷ್ಟು ಮನೆಯ ಪಟ್ಟಿ ಬೇಕೆಂದು ಹೇಳಬೇಡಿ. ಕೆಲವರು 7 ತೆಗೆದುಕೊಳ್ಳುತ್ತಾರೆ, ಭಾಗ ಆಗುವುದಿಲ್ಲ. 8 ತೆಗೆದುಕೊಂಡವರಿಗೆ ಕಾಲು ಸಿಗುತ್ತದೆ, ಮೂರನೇ ಒಂದು ಭಾಗ ಸಿಗುವುದಿಲ್ಲ. ಬಿಡಿ, ಒದ್ದಾಡಲಿ. ಯಾರೋ ಒಬ್ಬರು 12 ಅನ್ನುತ್ತಾರೆ. 3 ಮನೆ, 4 ಮನೆ, ಒಟ್ಟು 7/12. 4, 3 ಎರಡಕ್ಕೂ ಹೊಂದುವ ಅತಿ ಚಿಕ್ಕ ಸಂಖ್ಯೆಯಾದ ಈ 12ಕ್ಕೆ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಅಂತ ಹೆಸರು ಎಂದು ಈಗ ಹೇಳಿ. ಭಿನ್ನರಾಶಿ ಕೂಡಿಸಲು ಈ ದಾರಿಯನ್ನು 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿದ್ದ ಗಣಿತಜ್ಞ ಮಹಾವೀರಾಚಾರ್ಯರು ತೋರಿಸಿದ್ದರು ಎಂಬುದನ್ನೂ ಹೇಳಿ. ತಾವೇ ಹುಡುಕಿದ ಮೇಲೆ ಕೇಳಿದರೆ ಮಕ್ಕಳ ಮುಖ ಅರಳುತ್ತದೆ.

ಸಂಜೆ ನೋಟ್‌ಬುಕ್ ತಿದ್ದುವಾಗ ರೈಟು, ತಪ್ಪು ಎಂದು ಎರಡು ರಾಶಿ ಮಾಡುವ ಬದಲು ಒಂದೇ ಥರ ತಪ್ಪು ಮಾಡಿದವರ ನೋಟ್‌ಬುಕ್‌ಗಳನ್ನು ಒಟ್ಟಿಗಿಡಿ. ನನ್ನ ತರಗತಿಯಲ್ಲಿ ಇಂಥ ಗುಂಪು ಮೂರೋ ನಾಲ್ಕೋ ಆಗುತ್ತವೆ, ಅಷ್ಟೆ. ಮರುದಿನ ಒಂದೊಂದು ಗುಂಪಿನ ಜೊತೆ ಐದು ನಿಮಿಷ ಕೂತರೆ ಸಾಕು.

ಇನ್ನೊಂದು ಸಣ್ಣ ಬದಲಾವಣೆ. ಭಿನ್ನರಾಶಿ ಪಾಠ ನಡೆಯುವ ವಾರಗಳಲ್ಲಿ ಟೆಸ್ಟ್ ಪೇಪರಿನ ಮೇಲೆ 18/25 ಅಂತ ಬರೆಯುವುದನ್ನು ಬಿಟ್ಟಿದ್ದೇನೆ. ‘25ಕ್ಕೆ 18’ ಅಂತ ಬರೆಯುತ್ತೇನೆ.