ಹಳೇ ಡೇಟಾ ಅಕ್ವಿಸಿಷನ್ ಸಿಸ್ಟಮ್ ತಪ್ಪು ರೀಡಿಂಗ್ ಕೊಡ್ತಿದ್ದಾಗ ನಾನು ಹುಡುಕಿದ್ದು ಹೀಗೆ

ನಮ್ಮ ಫರ್ನೇಸ್ ಟೆಸ್ಟ್ ರಿಗ್‌ಗೆ ಕೂರಿಸಿರೋ ಡೇಟಾ ಅಕ್ವಿಸಿಷನ್ ಸಿಸ್ಟಮ್ (ಸೆನ್ಸರ್ ಸಿಗ್ನಲ್ ಓದಿ ಕಂಪ್ಯೂಟರಲ್ಲಿ ದಾಖಲು ಮಾಡೋದು) ತುಂಬಾ ಹಳೇದು. 12 ಬಿಟ್ ಕಾರ್ಡು, 8 ಡಿಫರೆನ್ಷಿಯಲ್ ಚಾನೆಲ್ (ಪ್ರತಿಯೊಂದೂ ಪ್ಲಸ್, ಮೈನಸ್ ಎರಡು ವೈರ್ ನಡುವಿನ ವೋಲ್ಟೇಜ್ ಓದುತ್ತೆ). ಮೊದಲ ಐದಕ್ಕೆ ಕೆ ಟೈಪ್ ಥರ್ಮೋಕಪಲ್ (ಬಿಸಿಗೆ ತಕ್ಕಂತೆ ಸಣ್ಣ ವೋಲ್ಟೇಜ್ ಕೊಡೋ ಎರಡು ಬೇರೆ ಲೋಹದ ವೈರ್ ಜೋಡಿ), ಆರನೇದಕ್ಕೆ ಒತ್ತಡವನ್ನ ಕರೆಂಟಾಗಿ ಕಳಿಸೋ 4-20 ಮಿಲಿಆಂಪ್ ಪ್ರೆಷರ್ ಟ್ರಾನ್ಸ್‌ಮಿಟರ್, ಉಳಿದ ಎರಡು ಖಾಲಿ. ಬೆಳಿಗ್ಗೆ ಆನ್ ಮಾಡಿದಾಗ ಎಲ್ಲಾ ಸರಿ ಇರುತ್ತೆ, ಮಧ್ಯಾಹ್ನದ ಹೊತ್ತಿಗೆ ಟೆಂಪರೇಚರ್ ಎಲ್ಲೋ ಹೋಗಿರುತ್ತೆ, ಪ್ರೆಷರ್ ಯಾವಾಗ್ಲೂ ಸ್ವಲ್ಪ ಜಾಸ್ತಿ ತೋರಿಸುತ್ತೆ, ಇದು ಕಂಪ್ಲೇಂಟು. ಕಾರ್ಡ್ ಹೋಗಿದೆ ಬದಲಾಯಿಸಿ ಅಂತ ಎಲ್ಲರೂ ಹೇಳೋರೇ. ಆದ್ರೆ ಈ ಕಾರ್ಡಿನ ಡ್ರೈವರ್ ಹಳೇ ಓಎಸ್ ಬಿಟ್ರೆ ಬೇರೆ ಕಡೆ ಓಡಲ್ಲ, ಕಾರ್ಡ್ ಬದಲಾಯಿಸೋದು ಅಂದ್ರೆ ಸಾಫ್ಟ್‌ವೇರ್ ಪೂರ್ತಿ ಹೊಸದಾಗಿ ಬರೆಯೋದು ಅಂತಾನೇ ಅರ್ಥ. ಅದಕ್ಕೇ ಮೊದಲು ಕಾರ್ಡ್ ನಿಜವಾಗ್ಲೂ ತಪ್ಪು ಓದ್ತಿದೆಯಾ ಅಂತ ನೋಡೋಣ ಅಂದ್ಕೊಂಡೆ.

ನಾನು ಮೊದಲಿಗೆ ಸೆನ್ಸರ್ ಹತ್ರ ಹೋಗ್ಲಿಲ್ಲ, ಸಾಫ್ಟ್‌ವೇರ್ ಸೆಟ್ಟಿಂಗೂ ಮುಟ್ಲಿಲ್ಲ. ಟರ್ಮಿನಲ್ ಬ್ಲಾಕಲ್ಲಿ ಒಂದು ಥರ್ಮೋಕಪಲ್ ಬಿಚ್ಚಿ ಆ ಎರಡು ಸ್ಕ್ರೂಗೆ ಒಂದು ತುಂಡು ತಾಮ್ರದ ವೈರ್ ಹಾಕಿ ಶಾರ್ಟ್ ಮಾಡಿದೆ. ಹೀಗೆ ಮಾಡಿದ್ರೆ ಸೊನ್ನೆ ಡಿಗ್ರಿ ಬರಬೇಕು ಅಂತ ಕೆಲವರು ಕಾಯ್ತಾರೆ, ಹಾಗಲ್ಲ, ಥರ್ಮೋಕಪಲ್ ವೋಲ್ಟೇಜ್ ಹೇಳೋದು ಅದರ ತುದಿಗೂ ಈ ಸ್ಕ್ರೂಗೂ (ಕೋಲ್ಡ್ ಜಂಕ್ಷನ್) ಇರೋ ವ್ಯತ್ಯಾಸ ಮಾತ್ರ, ಸ್ಕ್ರೂ ಟೆಂಪರೇಚರನ್ನ ಸಿಸ್ಟಮ್ ಬೇರೆ ಸೆನ್ಸರಿಂದ ಅಳೆದು ಸೇರಿಸುತ್ತೆ, ಹಾಗಾಗಿ ವೋಲ್ಟೇಜ್ ಸೊನ್ನೆ ಇದ್ದಾಗ ಸಿಸ್ಟಮ್ ಕೋಲ್ಡ್ ಜಂಕ್ಷನ್ ಟೆಂಪರೇಚರನ್ನೇ ತೋರಿಸುತ್ತೆ, ಅಂದ್ರೆ ಆ ಸ್ಕ್ರೂ ಎಷ್ಟು ಬಿಸಿ ಇದೆಯೋ ಅಷ್ಟು. ಸ್ಕ್ರೀನಲ್ಲಿ 32 ಡಿಗ್ರಿ. ಸ್ಕ್ರೂ ಪಕ್ಕದಲ್ಲೇ ಬೇರೆ ಥರ್ಮಾಮೀಟರ್ ಇಟ್ಟು ನೋಡಿದ್ರೆ 36. ಆ 4 ಡಿಗ್ರಿ ಹೆಚ್ಚುಕಮ್ಮಿ ಹಾಗೇ ಫರ್ನೇಸ್ ರೀಡಿಂಗಲ್ಲಿ ಕಮ್ಮಿ ಆಗ್ತಿತ್ತು. ಕಾರಣ ಏನಪ್ಪಾ ಅಂದ್ರೆ ಕ್ಯಾಬಿನೆಟ್ ಫ್ಯಾನ್ ನಿಂತುಹೋಗಿದೆ, ಪವರ್ ಸಪ್ಲೈ ಬಿಸಿಯೆಲ್ಲಾ ಟರ್ಮಿನಲ್ ಬ್ಲಾಕಿನ ಒಂದು ತುದಿಗೆ ಬಡೀತಿದೆ, ಕೋಲ್ಡ್ ಜಂಕ್ಷನ್ ಸೆನ್ಸರ್ ಇರೋದು ಇನ್ನೊಂದು ತುದೀಲಿ! ಫ್ಯಾನ್ ಹಾಕಿ, ಸಪ್ಲೈಗೂ ಬ್ಲಾಕಿಗೂ ನಡುವೆ ಒಂದು ತಗಡು ನಿಲ್ಲಿಸಿದೆ, ಮಧ್ಯಾಹ್ನದ ಸಮಸ್ಯೆ ಅಲ್ಲಿಗೆ ಹೋಯ್ತು.

ಅದಕ್ಕಿಂತ ತಲೆ ತಿಂದಿದ್ದು ನಾಲ್ಕನೇ ಚಾನೆಲ್. ಇದರ ಮೇಲೆ ಯಾರೂ ಕಂಪ್ಲೇಂಟ್ ಮಾಡಿರ್ಲಿಲ್ಲ, ಯಾಕಂದ್ರೆ ರೀಡಿಂಗ್ ನೋಡೋಕೆ ಚೆನ್ನಾಗೇ ಇತ್ತು, ಮೂರನೇದರ ಜೊತೆ ಜೊತೆಗೇ ಏರ್ತಿತ್ತು, ಇಳೀತಿತ್ತು. ಅಷ್ಟು ಚೆನ್ನಾಗಿ ಹೊಂದಿಕೊಂಡಿದ್ದೇ ನನಗೆ ಅನುಮಾನ. ಪವರ್ ಆಫ್ ಮಾಡಿ ಥರ್ಮೋಕಪಲ್ ರೆಸಿಸ್ಟೆನ್ಸ್ ಅಳೆದ್ರೆ ಓಪನ್, ವೈರ್ ಒಳಗೇ ತುಂಡಾಗಿದೆ. ಹಾಗಾದ್ರೆ ಇಷ್ಟು ದಿನ ಬರ್ತಿದ್ದ ಟೆಂಪರೇಚರ್ ಯಾರದ್ದು? ಈ ಥರ ಕಾರ್ಡಲ್ಲಿ ಎಲ್ಲಾ ಚಾನೆಲ್ಲಿಗೂ ಒಂದೇ ಎಡಿಸಿ (ವೋಲ್ಟೇಜನ್ನ ಅಂಕಿ ಮಾಡೋ ಚಿಪ್), ಅದರ ಮುಂದೆ ಒಂದು ಮಲ್ಟಿಪ್ಲೆಕ್ಸರ್ ಒಂದಾದ್ಮೇಲೆ ಒಂದು ಚಾನೆಲ್ ಸ್ವಿಚ್ ಮಾಡ್ತಾ ಹೋಗುತ್ತೆ. ಇನ್‌ಪುಟ್ ಓಪನ್ ಇದ್ರೆ ಹಿಂದಿನ ಚಾನೆಲ್ ಬಿಟ್ಟುಹೋದ ಚಾರ್ಜ್ ಒಳಗಿನ ಸಣ್ಣ ಕೆಪಾಸಿಟೆನ್ಸಲ್ಲಿ ಹಾಗೇ ಉಳಿದು ಅದನ್ನೇ ಓದುತ್ತೆ. ಖಾತ್ರಿ ಮಾಡ್ಕೊಳ್ಳೋಕೆ ಸ್ಕ್ಯಾನ್ ಆರ್ಡರ್ ಬದಲಾಯಿಸಿ ಒಂದನೇದು ಆದ ಕೂಡ್ಲೇ ನಾಲ್ಕನೇದು ಬರೋ ಹಾಗೆ ಮಾಡಿದೆ, ತಕ್ಷಣ ಅದು ಮೂರನೇದನ್ನ ಬಿಟ್ಟು ಒಂದನೇದರ ಬಾಲ ಹಿಡೀತು. ಇದಕ್ಕಿಂತ ಸಾಕ್ಷಿ ಬೇಡ.

ಹೊಸ ಥರ್ಮೋಕಪಲ್ ಹಾಕಿದ್ದಷ್ಟೇ ಅಲ್ಲ, ಪ್ರತಿ ಥರ್ಮೋಕಪಲ್ ಚಾನೆಲ್ ಪ್ಲಸ್ಸಿಂದ 5 ವೋಲ್ಟಿಗೆ 10 ಮೆಗಾಓಮ್ ರೆಸಿಸ್ಟರ್ ಹಾಕಿದೆ, ಮೈನಸ್ಸಿಂದ ಗ್ರೌಂಡಿಗೆ 100 ಕಿಲೋಓಮ್. ಈಗ ವೈರ್ ತುಂಡಾದ್ರೆ ರೀಡಿಂಗ್ ಫುಲ್ ಸ್ಕೇಲಿಗೆ ಹೋಗಿ ಕೂರುತ್ತೆ, ನೋಡಿದ ತಕ್ಷಣ ಗೊತ್ತಾಗುತ್ತೆ. ಇದರಿಂದ ಹರಿಯೋ ಕರೆಂಟ್ ಅರ್ಧ ಮೈಕ್ರೋಆಂಪ್, ಥರ್ಮೋಕಪಲ್ ಲೂಪ್ 20 ಓಮ್ ಇದ್ರೆ 10 ಮೈಕ್ರೋವೋಲ್ಟ್ ಎರರ್, ಕೆ ಟೈಪಿಗೆ ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಆದ್ದರಿಂದ ಕಾಲು ಡಿಗ್ರಿ. ನಮ್ಮ ಕಾರ್ಡಲ್ಲಿ ಪ್ಲಸ್ ಮೈನಸ್ 100 ಮಿಲಿವೋಲ್ಟ್ ರೇಂಜಿಗೆ ಒಂದು ಕೌಂಟೇ (ಕಾರ್ಡ್ ಗುರುತಿಸೋ ಅತಿ ಸಣ್ಣ ಹೆಜ್ಜೆ) 49 ಮೈಕ್ರೋವೋಲ್ಟ್ ಹತ್ರ, ಅಂದ್ರೆ ಒಂದು ಡಿಗ್ರಿಗಿಂತ ಜಾಸ್ತಿ, ಹಾಗಾಗಿ ಈ ಕಾಲು ಡಿಗ್ರಿಗೆ ಯಾರೂ ತಲೆ ಕೆಡಿಸ್ಕೊಳ್ಳಬೇಕಿಲ್ಲ. ಆದ್ರೆ ತುಂಬಾ ಉದ್ದದ ತೆಳು ವೈರ್ ಇರೋರು ಮೊದಲು ಲೂಪ್ ರೆಸಿಸ್ಟೆನ್ಸ್ ಅಳೆದು ಲೆಕ್ಕ ಹಾಕಿ.

ಇನ್ನು ಪ್ರೆಷರ್. ಟ್ರಾನ್ಸ್‌ಮಿಟರ್ ಬಿಚ್ಚಿ ಲೂಪ್ ಕ್ಯಾಲಿಬ್ರೇಟರಿಂದ 12 ಮಿಲಿಆಂಪ್ ಕೊಟ್ಟೆ. ಆ ಕರೆಂಟನ್ನ ವೋಲ್ಟೇಜ್ ಮಾಡೋ 250 ಓಮ್ ರೆಸಿಸ್ಟರ್ ಮೇಲೆ ಸರಿಯಾಗಿ 3 ವೋಲ್ಟ್ ಬರಬೇಕು. ಮಲ್ಟಿಮೀಟರ್ ಪ್ರೋಬನ್ನ ಸ್ಕ್ರೂ ತಲೆ ಮೇಲೆ ಇಟ್ರೆ 3.04, ರೆಸಿಸ್ಟರ್ ಕಾಲಿಗೇ ಒತ್ತಿ ಹಿಡಿದ್ರೆ 3.00. ರೆಸಿಸ್ಟರ್ ಬಂಗಾರದಂಗಿದೆ, ಅದರ ಕಾಲಿಗೂ ಕ್ಲಾಂಪಿಗೂ ನಡುವೆ ಹಸಿರು ಕಟ್ಟಿ ಮೂರು ಓಮ್ ಚಿಲ್ಲರೆ ಸೇರ್ಕೊಂಡಿತ್ತು. ಕಾಲು ಉಜ್ಜಿ ಕ್ಲೀನ್ ಮಾಡಿ, ಕ್ಲಾಂಪ್ ಹೊಸದು ಹಾಕಿ ಬಿಗಿ ಮಾಡಿದ್ಮೇಲೆ ಎರಡು ಕಡೇನೂ 3.00. ಸಾಫ್ಟ್‌ವೇರಲ್ಲಿ ಸ್ಪ್ಯಾನ್ (ಅಳತೆಯ ವ್ಯಾಪ್ತಿ) ಕಮ್ಮಿ ಮಾಡಿ ಸರಿಹೊಂದಿಸೋ ಐಡಿಯಾ ಒಬ್ಬರು ಕೊಟ್ಟಿದ್ರು. ತುಕ್ಕಿಗೆ ಕ್ಯಾಲಿಬ್ರೇಷನ್ ಮಾಡೋದಾ? ಮುಂದಿನ ತಿಂಗಳು ಅದು ಇನ್ನೆಷ್ಟಾಗಿರುತ್ತೋ.

ನಾಯ್ಸ್ ಬಗ್ಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಮೇನ್ಸ್ 50 ಹರ್ಟ್ಸ್ ಇದ್ದು ಸ್ಕೋಪಲ್ಲಿ 50 ಹರ್ಟ್ಸ್ ಕಾಣಿಸಿದ್ರೆ ಮೊದಲು ಗ್ರೌಂಡ್ ಲೂಪ್ (ಎರಡು ಕಡೆ ಅರ್ಥ್ ಆಗಿ ನಡುವೆ ಕರೆಂಟ್ ಸುತ್ತೋದು), ಶೀಲ್ಡ್ (ಕೇಬಲ್ಲಿನ ಲೋಹದ ಹೊದಿಕೆ) ನೋಡಿ, ಶೀಲ್ಡ್ ಎರಡು ತುದೀಲೂ ಅರ್ಥ್ ಆಗಿರುತ್ತೆ ಎಷ್ಟೋ ಸಲ. ಲೀನಿಯರ್ ಸಪ್ಲೈ ಇದ್ದು 100 ಹರ್ಟ್ಸ್ ಕಂಡ್ರೆ ಬ್ರಿಡ್ಜ್ ರೆಕ್ಟಿಫೈಯರ್ ಆದ್ಮೇಲಿರೋ ಫಿಲ್ಟರ್ ಕೆಪಾಸಿಟರ್ ಒಣಗಿರೋ ಸಾಧ್ಯತೆ ಜಾಸ್ತಿ. ನಮ್ದು 100. ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಎಲ್ಲಾ ತೆಗೆದು 105 ಡಿಗ್ರಿ ರೇಟಿಂಗಿಂದು ಹಾಕಿದೆ, ಪೋಲಾರಿಟಿ ನೋಡ್ಕೊಂಡು ಮಾಡಿ ಅಷ್ಟೇ.

ಖಾಲಿ ಇದ್ದ ಎರಡು ಚಾನೆಲ್ ಈಗ ಕೆಲಸಕ್ಕೆ ಬಂದಿವೆ. ಏಳನೇದು ಪರ್ಮನೆಂಟಾಗಿ ಶಾರ್ಟ್, ಎಂಟನೇದಕ್ಕೆ ಒಂದು ರೆಫರೆನ್ಸ್ ಐಸಿಯ 2.5 ವೋಲ್ಟ್, ಇವೂ ಎಲ್ಲದರ ಜೊತೆ ಲಾಗ್ ಆಗ್ತವೆ. ಇವೆರಡೂ ಅಲ್ಲಾಡದೇ ಬೇರೆ ಚಾನೆಲ್ ಅಲ್ಲಾಡಿದ್ರೆ ಹೊರಗಿನ ವೈರಿಂಗ್ ಕಡೆ ಹೋಗ್ತೀನಿ, ಇವೇ ಜರುಗಿದ್ರೆ ಕಾರ್ಡ್ ಕಡೆ. ಸದ್ಯಕ್ಕೆ ಎರಡೂ ಒಂದು ಕೌಂಟ್ ಆಚೆ ಈಚೆ ಅಷ್ಟೇ, ಆದ್ದರಿಂದ ಹೊಸ ಕಾರ್ಡಿನ ಮಾತು ಮುಂದಕ್ಕೆ ಹೋಗಿದೆ.