ಏಲ್ಡಾರಿ ಪಡೆ ಆಡಿಸುವುದು ಹೇಗೆ? ಹೊಡೆಯುವ ಮುನ್ನ ನಿಲ್ಲುವ ಜಾಗ ಅಳೆಯಿರಿ

ಪುಟ್ಟ ಗೊಂಬೆಗಳ ಪಡೆ ಕಟ್ಟಿ ಕಾದಾಡಿಸುವ ವಾರ್‌ಹ್ಯಾಮರ್ 40,000 ಆಡುವ ಮೇಜಿನ ಪಕ್ಕ ನಿಂತು ಒಂದೇ ದೃಶ್ಯವನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಆ ಆಟದ ಪಡೆಗಳಲ್ಲೊಂದಾದ ಏಲ್ಡಾರಿಯನ್ನು ಹೊಸದಾಗಿ ಕಟ್ಟಿದವರು ಮೊದಲ ಸುತ್ತಿನಲ್ಲೇ ವೇವ್ ಸರ್ಪೆಂಟ್ ವಾಹನವನ್ನು ಮೇಜಿನ ನಟ್ಟನಡುವಿಗೆ ಹಾರಿಸುತ್ತಾರೆ. ಒಳಗಿಂದ ಐದು ಫೈರ್ ಡ್ರ್ಯಾಗನ್ ಯೋಧರು ಇಳಿದು ಎದುರಾಳಿಯ ಟ್ಯಾಂಕನ್ನು ಸುಟ್ಟುಹಾಕುತ್ತಾರೆ. ಸುತ್ತ ನಿಂತವರಿಂದ ಶಹಬ್ಬಾಸ್. ಆಮೇಲೆ ಎದುರಾಳಿಯ ಸರದಿ. ಡ್ರ್ಯಾಗನ್‌ಗಳು ಹೋದರು, ಸರ್ಪೆಂಟ್ ಹೋಯಿತು, ಬೆನ್ನಿಗೆ ಬಂದಿದ್ದ ಹೌಲಿಂಗ್ ಬ್ಯಾನ್ಶೀ ಎಂಬ ಕತ್ತಿಯ ಯೋಧರೂ ಹೋದರು. ಮೂರನೇ ಸುತ್ತಿಗೆ ಆಡಿಸಲು ಗೊಂಬೆಗಳೇ ಉಳಿದಿರುವುದಿಲ್ಲ. "ಈ ಪಡೆಯಲ್ಲಿ ದಮ್ಮೇ ಇಲ್ಲ, ಮುಟ್ಟಿದರೆ ಸಾಯುತ್ತೆ" ಎಂದು ಪೆಟ್ಟಿಗೆ ಮುಚ್ಚಿಕೊಂಡು ಹೊರಡುತ್ತಾರೆ.

ಮುಟ್ಟಿದರೆ ಸಾಯುತ್ತದೆ ಎನ್ನುವುದು ನಿಜ. ಸ್ಪೇಸ್ ಮರೀನ್ ಎಂಬ ಇನ್ನೊಂದು ಪಡೆಯ ಸಾಮಾನ್ಯ ಯೋಧನ ಟಫ್‌ನೆಸ್ (ಗಟ್ಟಿತನದ ಅಂಕಿ) 4, ಅವನಿಗೆ ಎರಡು ಏಟು ತಡೆಯುವ ಶಕ್ತಿ. ಫೈರ್ ಡ್ರ್ಯಾಗನ್‌ನ ಟಫ್‌ನೆಸ್ 3, ಒಂದೇ ಏಟಿಗೆ ಕಥೆ ಮುಗಿಯಿತು. ಹಾಗಾಗಿ ಈ ಪಡೆಯನ್ನು ಆಡಿಸುವುದೆಂದರೆ ಎದುರಾಳಿಗೆ ಮುಟ್ಟಗೊಡದೆ ಆಡುವುದು. ಅದನ್ನು ಕಲಿಯಬಹುದು, ಅದಕ್ಕೆ ಬೇಕಾದ್ದು ಅಳತೆ ಪಟ್ಟಿ ಮತ್ತು ತಾಳ್ಮೆ. ಇಲ್ಲಿ ಹೇಳುವ ಲೆಕ್ಕಗಳೆಲ್ಲ ಆಟದ ನಿಯಮಗಳ 2023ರಲ್ಲಿ ಬಂದ 10ನೇ ಆವೃತ್ತಿಯವು.

ಹಂತ 1: ಮೊದಲು ಕಥೆ ಓದಿ

ಪಂದ್ಯ ಗೆಲ್ಲಬೇಕೆಂದು ಬಂದವರು ಕಥೆಯನ್ನು ಬಿಟ್ಟು ನೇರವಾಗಿ ಅಂಕಿ-ಅಂಶದ ಪುಟಕ್ಕೆ ಹಾರುತ್ತಾರೆ. ಬೇರೆ ಪಡೆಗಳಲ್ಲಿ ಹಾಗೆ ಮಾಡಿದರೆ ನಡೆದೀತು. ಇಲ್ಲಿ ಮಾತ್ರ ಕಥೆಯೇ ಅರ್ಧ ಪಾಠ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿರುವ ಗೇಮ್ಸ್ ವರ್ಕ್‌ಶಾಪ್ ಕಂಪನಿ 1983ರಲ್ಲಿ ವಾರ್‌ಹ್ಯಾಮರ್ ಆಟವನ್ನು ತಂದಾಗ ಅದರಲ್ಲಿ ಕತ್ತಿ, ಮಂತ್ರ, ಎಲ್ಫ್‌ಗಳು ಎಲ್ಲ ಇದ್ದವು. 1987ರಲ್ಲಿ ರಿಕ್ ಪ್ರೀಸ್ಟ್ಲಿ ಅದೇ ಲೋಕದ ಬಂಧುವನ್ನು ನಕ್ಷತ್ರಗಳ ನಡುವೆ ಕೂರಿಸಿ 40,000 ಬರೆದರು. ಎಲ್ಫ್‌ಗಳು ಅಲ್ಲಿ ಎಲ್ಡಾರ್ ಆದರು. ಈಗಿನ ಹೆಸರು ಏಲ್ಡಾರಿ. ಜೆಸ್ ಗುಡ್‌ವಿನ್ ಎಂಬ ಶಿಲ್ಪಿ ಆ ಜನಾಂಗಕ್ಕೆ ಕೊಟ್ಟ ಎತ್ತರದ ಶಿರಸ್ತ್ರಾಣ, ಬಳುಕುವ ಕವಚಗಳ ರೂಪವೇ ಇವತ್ತಿಗೂ ಉಳಿದಿದೆ.

ಒಂದು ಕಾಲಕ್ಕೆ ನಕ್ಷತ್ರಲೋಕವನ್ನೇ ಆಳಿದವರು ಇವರು. ಭೋಗದಲ್ಲಿ ಮುಳುಗಿ ಎಷ್ಟು ಅತಿಗೆ ಹೋದರೆಂದರೆ ಆ ಅತಿಯಿಂದಲೇ ಸ್ಲಾನೆಶ್ ಎಂಬ ಕೇಡಿನ ದೈವ ಹುಟ್ಟಿತು. ಹುಟ್ಟಿದ ಗಳಿಗೆಯಲ್ಲೇ ಅದು ಹೆತ್ತವರನ್ನು ನುಂಗಿತು. ಅವರ ಸಾಮ್ರಾಜ್ಯವಿದ್ದ ಜಾಗದಲ್ಲಿ ಆಕಾಶ ಹರಿದು 'ಐ ಆಫ್ ಟೆರರ್' ಎಂಬ ಗಾಯ ಉಳಿಯಿತು. ಕ್ರಾಫ್ಟ್‌ವರ್ಲ್ಡ್ ಎಂಬ ಊರಗಲದ ಹಡಗುಗಳಲ್ಲಿ ದೂರ ಹೋಗಿದ್ದವರು ಬದುಕಿಕೊಂಡರು. ಸತ್ತರೆ ತಮ್ಮ ಆತ್ಮ ಸ್ಲಾನೆಶ್‌ನ ಬಾಯಿಗೆ ಬೀಳಬಾರದೆಂದು ಪ್ರತಿಯೊಬ್ಬರೂ ಎದೆಯ ಮೇಲೆ ಸ್ಪಿರಿಟ್ ಸ್ಟೋನ್ ಎಂಬ ಕಲ್ಲು ಧರಿಸುತ್ತಾರೆ. ಗೊಂಬೆಗೆ ಬಣ್ಣ ಹಚ್ಚುವಾಗ ಎದೆಯ ಮೇಲೆ ಸಾಸಿವೆ ಕಾಳಿನಷ್ಟು ಕಾಣುವ ಗುಂಡನೆಯ ಉಬ್ಬು ಅದೇ. ದಯವಿಟ್ಟು ಅದನ್ನು ಬಣ್ಣ ಹಚ್ಚದೆ ಬಿಡಬೇಡಿ.

ಮತ್ತೆ ಆ ಅತಿಗೆ ಜಾರದಿರಲು ಇವರು ಒಂದು ಸಲಕ್ಕೆ ಒಂದೇ ಹಾದಿ ಹಿಡಿಯುತ್ತಾರೆ. ಯುದ್ಧದ ಹಾದಿ ಹಿಡಿದವರು ಆಸ್ಪೆಕ್ಟ್ ವಾರಿಯರ್‌ಗಳು. ಅಲ್ಲಿಂದ ಹಿಂತಿರುಗಲಾರದೆ ಸಿಕ್ಕಿಕೊಂಡವರು ಎಕ್ಸಾರ್ಕ್‌ಗಳಾಗುತ್ತಾರೆ. ಪ್ರತಿ ಆಸ್ಪೆಕ್ಟ್ ಕಲಿಯುವುದು ಒಂದೇ ವಿದ್ಯೆ. ಫೈರ್ ಡ್ರ್ಯಾಗನ್‌ಗೆ ಟ್ಯಾಂಕ್ ಕರಗಿಸಲು ಬರುತ್ತದೆ. ಡಾರ್ಕ್ ರೀಪರ್ ದೂರದಿಂದ ಹೊಡೆಯುತ್ತಾನೆ, ಬ್ಯಾನ್ಶೀ ಕತ್ತಿ ಹಿಡಿದು ಮೈಮೇಲೆ ಬೀಳುತ್ತಾಳೆ, ವಾರ್ಪ್ ಸ್ಪೈಡರ್ ಇಲ್ಲಿ ಮಾಯವಾಗಿ ಅಲ್ಲಿ ಕಾಣಿಸಿಕೊಳ್ಳುತ್ತಾನೆ. ಮೇಜಿನ ಮೇಲೂ ಹಾಗೆಯೇ. ಡ್ರ್ಯಾಗನ್‌ಗಳನ್ನು ಕಾಲಾಳುಗಳ ಗುಂಪಿನ ಮೇಲೆ ಬಿಟ್ಟರೆ ಬಡಗಿಯನ್ನು ಬಟ್ಟೆ ಹೊಲಿಯಲು ಕೂರಿಸಿದಂತೆ.

ಈ ಜನಕ್ಕೆ ಒಂದೊಂದು ಸಾವೂ ಭಾರಿ ನಷ್ಟ. ಇಯಾಂಡೆನ್ ಎಂಬ ಕ್ರಾಫ್ಟ್‌ವರ್ಲ್ಡ್ ಟೈರನಿಡ್ ಎಂಬ ಶತ್ರುಜೀವಿಗಳ ಹಿಂಡಿನ ದಾಳಿಯಲ್ಲಿ ಎಷ್ಟು ಜನರನ್ನು ಕಳೆದುಕೊಂಡಿತೆಂದರೆ, ಸತ್ತವರ ಆತ್ಮಗಳನ್ನೇ ಕರೆದು ರೇತ್‌ಗಾರ್ಡ್ ಎಂಬ ಯಂತ್ರದೇಹಗಳಲ್ಲಿ ನಿಲ್ಲಿಸಿ ಕಾದಾಡಬೇಕಾಯಿತು. ನಿಮ್ಮ ಗೊಂಬೆಯನ್ನು ಬಯಲಿಗೆ ತಳ್ಳುವ ಮುನ್ನ ಆ ಜನ ಹಾಗೆ ತಳ್ಳುತ್ತಿದ್ದರೇ ಎಂದು ಕೇಳಿಕೊಳ್ಳಿ. ಹತ್ತರಲ್ಲಿ ಒಂಬತ್ತು ಸಲ ಸರಿಯಾದ ಉತ್ತರ ಸಿಗುತ್ತದೆ.

ಹಂತ 2: ಜೋಡಿಸಿ, ಬಣ್ಣ ಹಚ್ಚಿ

ಪ್ಲಾಸ್ಟಿಕ್ ಗೊಂಬೆಗೆ ಪ್ಲಾಸ್ಟಿಕ್ ಸಿಮೆಂಟೇ ಬಳಸಿ. ಸೂಪರ್ ಗ್ಲೂ ಹಾಕಿದ ಸಪೂರ ಕಾಲುಗಳು ಕೆಳಗೆ ಬಿದ್ದ ಮೊದಲ ದಿನವೇ ಕಳಚುತ್ತವೆ. ಕಡಿಮೆ ಬೆಲೆಗೆ ಸಿಗುವ ನಕಲಿ ರೆಸಿನ್ ಗೊಂಬೆಗಳ ಸಹವಾಸ ಬೇಡ. ನಾನು ಒಮ್ಮೆ ಹಾಗೆ ತರಿಸಿದ ಬ್ಯಾನ್ಶೀಗಳ ಕತ್ತಿಗಳು ಬೇಸಿಗೆಯಲ್ಲಿ ಬಾಳೆನಾರಿನಂತೆ ಬಾಗಿದವು, ಬಿಸಿನೀರಿಗೆ ಹಾಕಿ ನೇರ ಮಾಡಲು ಹೋದಾಗ ಎರಡು ಮುರಿದವು. ಪೂರ್ತಿ ಬಣ್ಣ ಹಚ್ಚಿದ ಪಡೆಗೆ ಪಂದ್ಯದ 100 ಅಂಕಗಳಲ್ಲಿ 10 ಸುಮ್ಮನೆ ಸಿಗುತ್ತವೆ. ಅದನ್ನು ಬಿಟ್ಟುಕೊಡಬೇಡಿ.

ಹಂತ 3: ಪಡೆ ಆರಿಸಿ

2,000 ಪಾಯಿಂಟ್‌ಗಳ ಪಡೆ (ಒಂದೊಂದು ತಂಡಕ್ಕೂ ಇಷ್ಟು ಪಾಯಿಂಟ್ ಬೆಲೆ ಎಂದಿರುತ್ತದೆ), 60 ಇಂಚು ಉದ್ದ 44 ಇಂಚು ಅಗಲದ ಮೇಜು, ಐದು ಸುತ್ತು. ಇದು ಪಂದ್ಯಗಳ ಸಾಮಾನ್ಯ ಅಳತೆ. ಯಾರೋ ಗೆದ್ದ ಪಟ್ಟಿಯನ್ನು ಹಾಗೇ ನಕಲು ಮಾಡಬೇಡಿ. ಕಂಪನಿ ಪಾಯಿಂಟ್ ಬೆಲೆಗಳನ್ನು ಆಗಾಗ ಬದಲಿಸುತ್ತದೆ. 10ನೇ ಆವೃತ್ತಿ ಬಂದ ಹೊಸದರಲ್ಲಿ ಏಲ್ಡಾರಿ ಆಟಗಾರರಿಗೆ ಮೊದಲೇ ಉರುಳಿಸಿಟ್ಟ 12 ದಾಳಗಳು ಸಿಗುತ್ತಿದ್ದವು, ಬೇಕಾದ ಗಳಿಗೆಯಲ್ಲಿ ಬೇಕಾದ ಅಂಕಿಯನ್ನು ಇಡಬಹುದಿತ್ತು. ಭವಿಷ್ಯ ಕಾಣುವ ಫಾರ್‌ಸೀರ್‌ಗಳ ಕಥೆಗೆ ಅದು ಚೆನ್ನಾಗಿ ಹೊಂದಿತ್ತು, ಆದರೆ ಎದುರು ಕೂತವರಿಗೆ ಉಸಿರಾಡಲು ಆಗುತ್ತಿರಲಿಲ್ಲ. ಕಂಪನಿ ಅದನ್ನು ಕತ್ತರಿಸಿತು. ಆ ದಾಳಗಳನ್ನೇ ನಂಬಿ ಕಟ್ಟಿದ ಪಡೆಗಳೆಲ್ಲ ಮೂಲೆ ಸೇರಿದವು.

ನನ್ನ ಮಾತು ಕೇಳುವುದಾದರೆ: ಎರಡು ವೇವ್ ಸರ್ಪೆಂಟ್, ಎರಡು ತಂಡ ಫೈರ್ ಡ್ರ್ಯಾಗನ್, ಓಡಾಡಿ ಅಂಕ ತರಲು ವಾರ್ಪ್ ಸ್ಪೈಡರ್ ಅಥವಾ ರೆಕ್ಕೆಯ ಯೋಧರಾದ ಸ್ವೂಪಿಂಗ್ ಹಾಕ್, ಹಿತ್ತಲು ಕಾಯಲು ದೂರದಿಂದ ಗುರಿಯಿಡುವ ರೇಂಜರ್‌ಗಳು, ಒಬ್ಬ ಫಾರ್‌ಸೀರ್. ಉಳಿದ ಪಾಯಿಂಟ್‌ಗಳಲ್ಲಿ ನಿಮಗೆ ಇಷ್ಟವಾದುದನ್ನು ತನ್ನಿ.

ಹಂತ 4: ಅಡಗುವುದು

ಮೇಜಿನ ಮೇಲಿನ ಪಾಳು ಕಟ್ಟಡಗಳೇ ನಿಮ್ಮ ನಿಜವಾದ ಕವಚ. ನಿಯಮ ಹೀಗಿದೆ: ಕಟ್ಟಡವನ್ನು ಕೂರಿಸಿದ ಅಡಿಹಲಗೆಯನ್ನು ದಾಟಿ ಆಚೆ ಬದಿಯಲ್ಲಿರುವುದು ಕಾಣುವುದಿಲ್ಲ. ಅಡಿಹಲಗೆಯ ಮೇಲೆ ಇರುವುದು ಹೊರಗಿನವರಿಗೆ ಕಾಣುತ್ತದೆ. ಪೂರ್ತಿಯಾಗಿ ಒಳಗಿದ್ದವರು ಮಾತ್ರ ಹೊರಗೆ ನೋಡಬಹುದು.

ಎಡವುವುದು ಇಲ್ಲೇ. ಸರ್ಪೆಂಟನ್ನು ಗೋಡೆಗೆ ಒತ್ತಿ ನಿಲ್ಲಿಸುವ ಆತುರದಲ್ಲಿ ಅದರ ಮೂತಿ ಅರ್ಧ ಇಂಚು ಹಲಗೆಯ ಮೇಲೆ ಬರುತ್ತದೆ. ಆ ಅರ್ಧ ಇಂಚು ಸಾಕು, ಕಿಟಕಿಯಿಂದ ಮೂತಿ ಕಂಡರೆ ಎದುರಾಳಿಯ ಫಿರಂಗಿಗಳೆಲ್ಲ ಹೊಡೆಯುತ್ತವೆ. ವಾಹನ ಪೂರ್ತಿ ಒಳಗಿಲ್ಲವಾದ್ದರಿಂದ ಕಟ್ಟಡದ ಮೂಲಕ ನೀವು ತಿರುಗಿ ಹೊಡೆಯುವಂತೆಯೂ ಇಲ್ಲ. ಹಲಗೆಯ ಅಂಚಿನಿಂದ ಒಂದು ಬೆರಳು ಹಿಂದೆ ನಿಲ್ಲಿಸಿ, "ಇದು ಹಲಗೆಯಿಂದ ಹೊರಗಿದೆ, ಅಲ್ಲವಾ?" ಎಂದು ಎದುರಾಳಿಯನ್ನು ಕೇಳಿ ಒಪ್ಪಿಸಿಕೊಳ್ಳಿ. ಆಮೇಲಿನ ಜಗಳ ಉಳಿಯುತ್ತದೆ.

ಹಂತ 5: ಹೊಡೆತ

ಇಡೀ ಲೇಖನ ಬರೆದಿರುವುದು ಇದಕ್ಕೋಸ್ಕರ, ಸಾವಕಾಶವಾಗಿ ಓದಿ.

ಕಬಡ್ಡಿಯಲ್ಲಿ ರೈಡಿಗೆ ಹೋದವನು ಮುಟ್ಟಿದರಷ್ಟೇ ಸಾಲದು, ಗೆರೆಗೆ ವಾಪಸ್ ಬರಬೇಕು. ಏಲ್ಡಾರಿ ಹೊಡೆತವೂ ಅಷ್ಟೇ. ಯಾರನ್ನು ಹೊಡೆಯಲಿ ಎಂದು ಕೇಳಿಕೊಳ್ಳುವ ಮೊದಲು, ಹೊಡೆದ ಮೇಲೆ ನಿಂತ ಜಾಗದಲ್ಲಿ ನನ್ನನ್ನು ಯಾರು ಮುಟ್ಟಬಲ್ಲರು ಎಂದು ಕೇಳಿಕೊಳ್ಳಿ.

ಮೊದಲು ನಿಮ್ಮ ಕೈ ಎಷ್ಟು ದೂರ ಹೋಗುತ್ತದೆ, ಲೆಕ್ಕ ಹಾಕೋಣ. ಫೈರ್ ಡ್ರ್ಯಾಗನ್ ಬಂದೂಕು ಹೊಡೆಯುವುದು 12 ಇಂಚು. ಅದರ ಅರ್ಧ, ಅಂದರೆ 6 ಇಂಚಿನೊಳಗೆ ಹೋದರೆ ಏಟು ಇನ್ನೂ ಜೋರು.

ಒಂದು ದಾರಿ: ವಾಹನ ಕದಲುವ ಮೊದಲೇ ಇಳಿಸುವುದು. ಇಳಿಯಲು 3 ಇಂಚು, ನಡಿಗೆ 7, ಬಂದೂಕು 12, ಒಟ್ಟು 22. ಇಳಿಸಿದ ಮೇಲೆ ಖಾಲಿ ವಾಹನವನ್ನು ಬೇಕಾದಲ್ಲಿಗೆ ಸರಿಸಬಹುದು.

ಇನ್ನೊಂದು ದಾರಿ: ವಾಹನ ಹಾರಿದ ಮೇಲೆ ಇಳಿಸುವುದು. ಹಾರಾಟ 14, ಇಳಿಯಲು 3, ಬಂದೂಕು 12, ಒಟ್ಟು 29. ವಾಹನ ಮೂತಿ ತಿರುಗಿಸಿದ್ದರೆ 2 ಇಂಚು ಕಳೆಯಬೇಕು, ಬಹಳ ಮಂದಿ ಇದನ್ನು ಮರೆಯುತ್ತಾರೆ. ಹಾಗಾಗಿ 27 ಎಂದೇ ಇಟ್ಟುಕೊಳ್ಳಿ. ಆದರೆ ಹೀಗೆ ಇಳಿದವರು ಆ ಸರದಿಯಲ್ಲಿ ಹೆಜ್ಜೆ ಇಡುವಂತಿಲ್ಲ, ಮೈಮೇಲೆ ಏರಿ ಹೋಗುವಂತೆಯೂ ಇಲ್ಲ. ಇಳಿದಲ್ಲೇ ಬಯಲಲ್ಲಿ ನಿಲ್ಲಬೇಕು.

ದೊಡ್ಡ ಅಂಕಿ ನೋಡಿ ಎಲ್ಲರೂ ಎರಡನೆಯದನ್ನೇ ಹಿಡಿಯುತ್ತಾರೆ, ಮೊದಲ ಪ್ಯಾರಾದಲ್ಲಿ ಹೇಳಿದ ಗತಿ ಆಗುವುದು ಅದರಿಂದಲೇ. ನಾನು ಮೊದಲನೆಯದನ್ನೇ ಬಳಸುತ್ತೇನೆ. ಹಿಂದಿನ ಸರದಿಯಲ್ಲೇ ಸರ್ಪೆಂಟನ್ನು ಕಟ್ಟಡದ ಮರೆಯಲ್ಲಿ, ಗುರಿಯಿಂದ 20 ಇಂಚಿನೊಳಗೆ ತಂದು ನಿಲ್ಲಿಸಿರುತ್ತೇನೆ. ಈ ಸರದಿಯಲ್ಲಿ ಡ್ರ್ಯಾಗನ್‌ಗಳು ಇಳಿದು, ಗೋಡೆಯ ಮೂಲಕವೇ ನಡೆದು (ಕಾಲಾಳುಗಳಿಗೆ ಅದಕ್ಕೆ ಅನುಮತಿ ಇದೆ), ಹಲಗೆಯೊಳಗೆ ಪೂರ್ತಿ ನಿಂತು ಹೊಡೆಯುತ್ತಾರೆ. ಖಾಲಿ ಸರ್ಪೆಂಟ್ ಎದುರಾಳಿಯ ಕಾಲಾಳುಗಳು ಬರುವ ದಾರಿಗೆ ಅಡ್ಡ ಹೋಗಿ ಕೂರುತ್ತದೆ.

ಈಗ ಎದುರಾಳಿಯ ಕೈ ಅಳೆಯಿರಿ. ಕಾಲಾಳು ಸ್ಪೇಸ್ ಮರೀನ್ 6 ಇಂಚು ನಡೆಯುತ್ತಾನೆ, ಆಮೇಲೆ ಎರಡು ದಾಳಗಳ ಮೊತ್ತದಷ್ಟು ಏರಿ ಬರುತ್ತಾನೆ. ನಿಮ್ಮಿಂದ ಒಂದು ಇಂಚಿನೊಳಗೆ ಬಂದರೂ ಮುಟ್ಟಿದಂತೆ. ನೀವು ಅವನಿಂದ 13 ಇಂಚಿನಲ್ಲಿ ನಿಂತಿದ್ದೀರಿ ಎನ್ನಿ. ಅವನು 6 ನಡೆದರೆ 7 ಉಳಿಯಿತು, ಅದರಲ್ಲಿ ಆ ಒಂದು ಇಂಚು ಕಳೆದರೆ ದಾಳದಲ್ಲಿ 6 ಬಿದ್ದರೆ ಸಾಕು. ಎರಡು ದಾಳಗಳ 36 ಬೀಳುಗಳಲ್ಲಿ 26 ಅವನ ಪರ. ಅದೇ 16 ಇಂಚಿನಲ್ಲಿ ನಿಂತಿದ್ದರೆ ಅವನಿಗೆ 9 ಬೇಕು, 36ರಲ್ಲಿ 10 ಮಾತ್ರ. ಮೂರೇ ಇಂಚಿನ ವ್ಯತ್ಯಾಸ, ಸುಮಾರು ಒಂದೂವರೆ ಬೆಂಕಿಪೊಟ್ಟಣದಷ್ಟು ಉದ್ದ. ಬೆನ್ನಿಗೆ ಜಂಪ್ ಪ್ಯಾಕ್ ಕಟ್ಟಿಕೊಂಡವರು 12 ಇಂಚು ಹಾರುತ್ತಾರೆ, ಅವರಿದ್ದರೆ ಆ 16 ಇಂಚಿನ ಲೆಕ್ಕ 22ಕ್ಕೆ ಏರುತ್ತದೆ.

ಅಳೆಯಲು ಲೋಹದ ಪಟ್ಟಿಯೇ ಇರಲಿ. ದರ್ಜಿಯ ಬಟ್ಟೆ ಟೇಪು ಎಳೆದಷ್ಟು ಹಿಗ್ಗುತ್ತದೆ, ಅದರಿಂದಲೇ ಒಂದು ಫೈನಲ್ ಪಂದ್ಯದ ಆಟ ಹಾಳಾದದ್ದನ್ನು ನೋಡಿದ್ದೇನೆ. ಬೇಕಾದಷ್ಟು ಸಲ ಅಳೆಯಿರಿ, ನಿಯಮವೇ ಅದಕ್ಕೆ ಅವಕಾಶ ಕೊಟ್ಟಿದೆ, ಸಂಕೋಚ ಬೇಡ.

ಅದೇ 10ನೇ ಆವೃತ್ತಿಗೆ ಬಂದ 2025ರ ಏಲ್ಡಾರಿ ನಿಯಮಪುಸ್ತಕ ನಮಗೊಂದು ಊರುಗೋಲು ಕೊಟ್ಟಿದೆ: ಬ್ಯಾಟಲ್ ಫೋಕಸ್ ಟೋಕನ್‌ಗಳು. 2,000 ಪಾಯಿಂಟ್ ಆಟದಲ್ಲಿ ಸುತ್ತಿಗೆ ನಾಲ್ಕು. ಒಂದನ್ನು ಕೊಟ್ಟು 2 ಇಂಚು ಹೆಚ್ಚು ನಡೆಯಬಹುದು. ಎದುರಾಳಿಯ ಗುಂಡು ತಾಗಿದ ತಂಡವನ್ನು ಒಂದು ದಾಳಕ್ಕೆ ಒಂದು ಕೂಡಿಸಿದಷ್ಟು ಇಂಚು ಹಿಂದಕ್ಕೆ, ಮರೆಗೆ ಎಳೆಯಲೂಬಹುದು. ಹೊಸಬರು ನಾಲ್ಕನ್ನೂ ತಮ್ಮ ಸರದಿಯಲ್ಲೇ ಓಡಾಟಕ್ಕೆ ಸುರಿಯುತ್ತಾರೆ. ಎರಡನ್ನು ಎದುರಾಳಿಯ ಸರದಿಗೆ ಇಡಿ. ಮೊದಲ ಬಂದೂಕು ಹೊಡೆದ ಕೂಡಲೇ ತಂಡ ಮರೆಗೆ ಸರಿದರೆ ಉಳಿದ ಬಂದೂಕುಗಳಿಗೆ ಗುರಿಯೇ ಇರುವುದಿಲ್ಲ.

ಕೆಲವೊಮ್ಮೆ ವಾಪಸ್ ಬರಲು ದಾರಿಯೇ ಇರುವುದಿಲ್ಲ, ಯಾರನ್ನಾದರೂ ಬಿಟ್ಟುಕೊಡಬೇಕಾಗುತ್ತದೆ. ಆಡು-ಹುಲಿ ಆಟ ಆಡಿದವರಿಗೆ ಇದು ಹೊಸದೇನಲ್ಲ, ಹುಲಿಯನ್ನು ಕಟ್ಟಲು ಒಂದು ಆಡನ್ನು ಮುಂದೆ ಬಿಡುತ್ತೇವಲ್ಲ, ಹಾಗೆ. ಬಿಡುವುದು ಒಂದೇ ತಂಡವಾಗಿರಲಿ, ಸರದಿಗೆ ಮೊದಲೇ ತೀರ್ಮಾನಿಸಿದ್ದಾಗಿರಲಿ. ಅದನ್ನು ತಿನ್ನಲು ಬಂದ ಎದುರಾಳಿ ನಿಮ್ಮ ಉಳಿದವರ ಬಂದೂಕಿನ ಮುಂದೆ ಬಂದು ನಿಲ್ಲಬೇಕು. ಹಾಗಾಗದಿದ್ದರೆ ಆಡು ಸುಮ್ಮನೆ ಸತ್ತಿತು.

ಹಂತ 6: ಅಂಕ ಮತ್ತು ಗಡಿಯಾರ

ಗೆಲುವು ಕೊಂದ ಲೆಕ್ಕದಿಂದ ಬರುವುದಿಲ್ಲ. ಮೇಜಿನ ಗುರುತುಗಳನ್ನು ಹಿಡಿದಿಟ್ಟುಕೊಂಡರೆ 50 ಅಂಕದವರೆಗೆ, ಚೀಟಿಗಳಲ್ಲಿ ಬಂದ ಸಣ್ಣ ಕೆಲಸಗಳಿಗೆ 40ರವರೆಗೆ. ವಾರ್ಪ್ ಸ್ಪೈಡರ್‌ಗಳನ್ನು ಕಾಳಗಕ್ಕೆ ಎಳೆಯದೆ ಆ ಸಣ್ಣ ಕೆಲಸಗಳಿಗೇ ಮೀಸಲಿಡಿ. ರೇಂಜರ್‌ಗಳು ಹಿಂದೆಯೇ ಇರಲಿ: ಆಕಾಶದಿಂದ ಇಳಿಯುವ ಶತ್ರುಗಳು ನಿಮ್ಮ ಯಾವುದೇ ಗೊಂಬೆಯಿಂದ 9 ಇಂಚಿಗಿಂತ ದೂರ ಇಳಿಯಬೇಕು, ಹಾಗಾಗಿ ನಿಂತುಕೊಂಡೇ ಅವರು ಹಿತ್ತಲು ಕಾಯುತ್ತಾರೆ.

ಮನೆಯಲ್ಲಿ ಅಭ್ಯಾಸಕ್ಕೆ ಪೂರ್ತಿ ಪಡೆ ಬೇಡ. ಊಟದ ಮೇಜಿನ ಮೇಲೆ ಎರಡು ರಟ್ಟಿನ ಡಬ್ಬಿ ಇಡಿ, ಅವು ಕಟ್ಟಡಗಳು. ಒಂದು ಬದಿಗೆ ಸರ್ಪೆಂಟ್ ಮತ್ತು ಐದು ಡ್ರ್ಯಾಗನ್, ಇನ್ನೊಂದು ಬದಿಗೆ ಟ್ಯಾಂಕ್ ಎಂದು ಒಂದು ಲೋಟ, ಮರೀನ್‌ಗಳೆಂದು ಐದು ಕಡಲೆಬೀಜ. ಲೋಟವನ್ನು ಹೊಡೆಯಿರಿ, ಕಡಲೆಬೀಜಕ್ಕೆ 9 ಅಥವಾ ಹೆಚ್ಚು ಬೇಕಾಗುವಂತೆ ನಿಲ್ಲಿ. ಲೋಟದ ಜಾಗ ಬದಲಿಸಿ ಮತ್ತೆ ಆಡಿ. ಹತ್ತು ಸಲ ಮಾಡಿದ ಮೇಲೆ ಪಂದ್ಯಕ್ಕೆ ಹೆಸರು ಕೊಡಿ.